‘ಬಬಲ್ ಪಾಯಿಂಟ್’: ಗುಳ್ಳೆಬಿಂದುವೋ, ಬುದ್ಬುದಾಂಕವೋ?

ಮಾನ್ಯರೇ,
ಫಿಲ್ಟರ್ ಪೊರೆಗಳನ್ನು ಪರೀಕ್ಷಿಸುವ ಸಲಕರಣೆಯೊಂದರ ಒತ್ತಡಮಾಪಕದ ಕೆಳಗೆ ಅಂಟಿಸುವ ಫಲಕಕ್ಕೆ ‘ಬಬಲ್ ಪಾಯಿಂಟ್’ ಎಂಬುದರ ಕನ್ನಡ ರೂಪ ನಾಳೆಯೊಳಗೆ ಬೇಕಾಗಿದೆ. ಒದ್ದೆಯಾದ ಪೊರೆಯ ಒಂದು ಬದಿಯಲ್ಲಿ ಗಾಳಿಯ ಒತ್ತಡವನ್ನು ಮೆಲ್ಲನೆ ಏರಿಸುತ್ತ ಹೋದಾಗ, ಇನ್ನೊಂದು ಬದಿಯ ದ್ರವದಲ್ಲಿ ಗುಳ್ಳೆಗಳು ಏಳತೊಡಗುವ ಹೊತ್ತಿನ ಒತ್ತಡವದು. ‘ಗುಳ್ಳೆಬಿಂದು’ ಎಂದು ಬರೆದಿದ್ದೇನೆ, ಸರಿಯೇ?

*

ಸರಿಯಲ್ಲ, ಅದು ಕನ್ನಡ ಪದಕ್ಕೆ ಸಂಸ್ಕೃತ ಪದವನ್ನು ಬೆಸೆದ ಅರಿಸಮಾಸ. ಕ್ವಥನಾಂಕದ (ಕುದಿಬಿಂದುವಿನ ಸಂಸ್ಕೃತ ರೂಪ) ಜಾಡಿನಲ್ಲಿ ‘ಬುದ್ಬುದಾಂಕ’ ಎನ್ನಿ, ಇಲ್ಲವೇ ನೀರಗುಳ್ಳೆಗೆ ವಚನಕಾರರು ಬಳಸಿದ ‘ಬೊಬ್ಬುಳಿಕೆ’ಯನ್ನು ಮರಳಿ ತನ್ನಿ. ಬೊಬ್ಬುಳಿಕೆ ನೀರಿನ ಸದ್ದಿನಿಂದಲೇ ಹುಟ್ಟಿದ ಅನುಕರಣ ಪದವೆಂಬುದು ನನ್ನ ಬಹುಕಾಲದ ನಿಲುವು. ಅದನ್ನು ಬುದ್ಬುದದ ತದ್ಭವವೆನ್ನುವವರೊಡನೆ ನನಗೆ ಮಾತಿಲ್ಲ.

*

ಅರಿಸಮಾಸದ ದೂರನ್ನು ಒಪ್ಪಿದರೆ ‘ಕುದಿಬಿಂದು’ವನ್ನೂ ಹೊರಹಾಕಬೇಕಾದೀತು. ನನ್ನ ತಕರಾರು ಬೇರೆ. ಕುದಿಬಿಂದುವಿನ ರೂಢಿಯಿಂದಾಗಿ ಓದುಗರು ‘ಬಿಂದು’ ಎಂದೊಡನೆ ಉಷ್ಣತೆಯನ್ನು ನೆನೆಯುತ್ತಾರೆ, ಇಲ್ಲಿ ಮುಳ್ಳು ತೋರಿಸುವುದಾದರೋ ಒತ್ತಡವನ್ನು. ಮೇಲಾಗಿ ಕಚ್ಚಾತೈಲದವರು ಇದೇ ಹೆಸರನ್ನು ತದ್ವಿರುದ್ಧ ಕ್ರಿಯೆಗೆ ಬಳಸುತ್ತಾರೆ: ಉಷ್ಣತೆಯನ್ನು ಬದಲಿಸದೆ ಒತ್ತಡವನ್ನು ಇಳಿಸುತ್ತ ಬಂದಾಗ, ಕರಗಿದ್ದ ಅನಿಲದ ಮೊದಲ ಗುಳ್ಳೆ ದ್ರವದೊಳಗೇ ಹುಟ್ಟುವ ಒತ್ತಡ ಅವರ ಬಬಲ್ ಪಾಯಿಂಟ್. ಪೊರೆಯಲ್ಲಿ ಹಾಗಲ್ಲ; ಮೇಲ್ಮೈ ಎಳೆತದಿಂದ ರಂಧ್ರದಲ್ಲಿ ಕಚ್ಚಿಕೊಂಡಿರುವ ದ್ರವವನ್ನು ತಳ್ಳಿಕೊಂಡು ಹೊರಗಿನ ಗಾಳಿಯೇ ನುಗ್ಗುತ್ತದೆ, ಮತ್ತು ಎಲ್ಲಕ್ಕಿಂತ ದೊಡ್ಡ ರಂಧ್ರ ಮೊದಲು ಸೋಲುತ್ತದೆ. ನೀರಿನಿಂದ ಪೂರ್ತಿ ಒದ್ದೆಯಾದ, 1 ಮೈಕ್ರೊಮೀಟರ್ ವ್ಯಾಸದ ದುಂಡು ರಂಧ್ರಕ್ಕೆ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಲೆಕ್ಕದ ಪ್ರಕಾರ ಸುಮಾರು 288 ಕಿಲೋಪಾಸ್ಕಲ್ ಬೇಕು. ವ್ಯಾಸ ಅರ್ಧವಾದರೆ ಒತ್ತಡ ಇಮ್ಮಡಿಯಾಗುತ್ತದೆ. ಗುಳ್ಳೆ ಎದ್ದ ಒತ್ತಡದಿಂದ ರಂಧ್ರದ ಗಾತ್ರವನ್ನು ಅಂದಾಜಿಸುವುದು ಹೀಗೆ.

‘ಗುಳ್ಳೆ ಒತ್ತಡ’ ಎಂದರೆ ಗುಳ್ಳೆಯೊಳಗಿನ ಒತ್ತಡವೆಂಬ ಅರ್ಥ ಬರುವುದರಿಂದ ಅದೂ ಬೇಡ. ಫಲಕಕ್ಕೆ ‘ಗುಳ್ಳೆ ಏಳುವ ಒತ್ತಡ’ ಸಾಕು. ತೈಲದ್ದನ್ನು ‘ಗುಳ್ಳೆ ಹುಟ್ಟುವ ಒತ್ತಡ’ ಎನ್ನಬಹುದು. ಬೊಬ್ಬುಳಿಕೆ ವಚನದಲ್ಲೇ ಇರಲಿ.

*

ಬಿಡಿಸಿ ಬರೆದ ವಿವರಣೆ ಪಾರಿಭಾಷಿಕ ಪದವಾಗುವುದಿಲ್ಲ. ಇಷ್ಟೆಲ್ಲ ಕಸರತ್ತಿನ ಬದಲು ‘ಬಬಲ್ ಪಾಯಿಂಟ್’ ಎಂದೇ ಬರೆಯಬಾರದೇಕೆ? ಅದೇ ಮಾಪಕದ ಮೇಲೆ ‘ಬಾರ್’, ‘ಪಾಸ್ಕಲ್’ ಇರುವಾಗ ಇದೊಂದಕ್ಕೆ ಏನು ಮೈಲಿಗೆ?

*

ಪಾಸ್ಕಲ್ ಎಂಬುದು ವ್ಯಕ್ತಿಯ ಹೆಸರು. ಏಕಮಾನವಾದ ಮೇಲೆ ಅದನ್ನು ಯಾವ ಭಾಷೆಯವರೂ ಅನುವಾದಿಸುವುದಿಲ್ಲ. ‘ಬಬಲ್’ ಹಾಗಲ್ಲ, ಅದಕ್ಕೆ ನಮ್ಮಲ್ಲಿ ಬಳಕೆಯ ಪದವಿದೆ. ಎರಡು ಅರ್ಥಗಳ ಗೊಂದಲವಿರುವ ಹೆಸರನ್ನು ಲಿಪಿ ಬದಲಿಸಿ ತಂದರೆ ಗೊಂದಲವೂ ಅದರೊಡನೆ ಬರುತ್ತದೆ.