ನವೆಂಬರ್ 16ಕ್ಕೇ ನಕ್ಷತ್ರ

(2025ರ ನವೆಂಬರ್‌ನಲ್ಲಿ, ಕ್ರಿಸ್‌ಮಸ್ ತಯಾರಿ ಯಾವಾಗ ಶುರು ಮಾಡಬೇಕೆಂದು ನಮ್ಮ ಕುಟುಂಬದ ಚಾಟ್ ಗುಂಪಿನಲ್ಲಿ ನಡೆದ ಮಾತು.)

ಅಂಕೋಲೆಯ ಅಕ್ಕ: (ಜಗಲಿಯಲ್ಲಿ ಬೆಳಗುತ್ತಿರುವ ಕೆಂಪು ಕ್ರಿಸ್‌ಮಸ್ ನಕ್ಷತ್ರದ ಫೋಟೊ) ಈ ಓಣಿಯಲ್ಲಿ ನಮ್ಮದೇ ಮೊದಲು!

ಸದಾಶಿವಗಡದ ದೊಡ್ಡಮ್ಮ: ಕ್ರಿಸ್ತರಾಜರ ಹಬ್ಬವೇ ಮುಂದಿನ ಭಾನುವಾರ. ಚರ್ಚಿನ ವರ್ಷ ಮುಗಿಯುವ ಮೊದಲೇ ನಿಮ್ಮ ಮನೆಗೆ ಬಾಲಯೇಸು ಬಂದುಬಿಟ್ಟರೇ?

ಅಕ್ಕ: ಪಕ್ಕದ ಮನೆಯವರು ಆಕಾಶಬುಟ್ಟಿ ಇಳಿಸಿದ ಮೇಲೆ ಮಕ್ಕಳು ಹಟ ಹಿಡಿದರು, ದೊಡ್ಡಮ್ಮ. ಒಂದು ದೀಪ ಹಚ್ಚಿದರೆ ಯಾರಿಗೆ ನಷ್ಟ?

ದೊಡ್ಡಮ್ಮ: ನಕ್ಷತ್ರಕ್ಕೇ ನಷ್ಟ. ಕಡಲ ಗಾಳಿಗೆ ಕಾಗದ ಹತ್ತು ದಿನವೂ ತಾಳುವುದಿಲ್ಲ. ನಡುವೆ ಒಂದು ಅಕಾಲ ಮಳೆ ಬಂದರೆ ಡಿಸೆಂಬರ್ 24ಕ್ಕೆ ಬರಿಯ ಬಲ್ಬು ನೇತಾಡುತ್ತದೆ.

ಅಕ್ಕ: ಇದು ಪ್ಲಾಸ್ಟಿಕ್ಕಿನದು. ಅಂದ ಹಾಗೆ, ಅಕ್ಟೋಬರ್‌ನಲ್ಲೇ ಕೇಕಿಗೆಂದು ದ್ರಾಕ್ಷಿಯನ್ನು ರಮ್ಮಿನಲ್ಲಿ ನೆನೆಸಿಟ್ಟವರು ಯಾರು?

(ಇಲ್ಲಿ ಎಲ್ಲರೂ ನಗುವ ಮುಖ ಹಾಕಿದರು. ದೊಡ್ಡಮ್ಮ ಬಹಳ ಹೊತ್ತು ‘ಟೈಪಿಂಗ್’ ಎಂದೇ ತೋರುತ್ತಿದ್ದರು.)

ದೊಡ್ಡಮ್ಮ: ಆ ಭರಣಿಯ ಮುಚ್ಚಳ ಇನ್ನೂ ತೆರೆದಿಲ್ಲ. ತಯಾರಿ ಬೇರೆ, ಹಬ್ಬ ಬೇರೆ.

ನಾನು: ದೊಡ್ಡಮ್ಮ ಹೇಳಿದ್ದರಲ್ಲಿ ಅರ್ಥವಿದೆ. ಕ್ರಿಸ್‌ಮಸ್‌ಗೆ ಮುಂಚಿನ ಆಗಮನ ಕಾಲ ಆರಂಭವಾಗುವುದು ನವೆಂಬರ್ 30ರ ಭಾನುವಾರ. ನಾಲ್ಕು ವಾರವೂ ಗುರುಗಳ ಉಡುಪು ನೇರಳೆ, ಮೂರನೆಯ ಭಾನುವಾರ ಮಾತ್ರ ಗುಲಾಬಿ. ಆ ಭಾನುವಾರಗಳ ಪೂಜೆಯಲ್ಲಿ ದೇವರನ್ನು ಕೊಂಡಾಡುವ ಮಹಿಮಾಗೀತೆಯನ್ನೂ (ಗ್ಲೋರಿಯಾ) ಹಾಡುವುದಿಲ್ಲ. ಕಾಯುವ ಕಾಲ ಅದು. ಆದ್ದರಿಂದ ನಕ್ಷತ್ರ 30ರ ಸಂಜೆ ಏರಲಿ, ಅದು ದಾರಿ ತೋರಿಸುವಂಥದ್ದು ತಾನೇ? ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ, ಗೋದಲಿಗೆ ಅವಸರ ಬೇಡ. ಅದರಲ್ಲಿ ಹುಲ್ಲಿನಂತೆ ಬೆಳೆಸುವ ರಾಗಿಯೇ ಅದಕ್ಕೆ ಪಂಚಾಂಗ. ಡಿಸೆಂಬರ್ ಮೊದಲ ವಾರ ಬಿತ್ತಿದರೆ ಹಬ್ಬದ ಹೊತ್ತಿಗೆ ಪೈರು ಹಳದಿಯಾಗಿ ಮಲಗುತ್ತದೆ. 14ರ ಸುಮಾರಿಗೆ ಬಿತ್ತಿದರೆ ಕುರಿಗಳ ಮೊಣಕಾಲೆತ್ತರಕ್ಕೆ ಹಸಿರಾಗಿ ನಿಲ್ಲುತ್ತದೆ. ಬಾಲಯೇಸುವನ್ನು ಮಲಗಿಸುವುದು 24ರ ರಾತ್ರಿಯೇ. ಹಬ್ಬದ ಸಿಹಿತಿಂಡಿ ನೆವ್ರಿಯನ್ನು ತೀರಾ ಬೇಗ ಕರಿದಿಟ್ಟರೆ ಒಳಗಿನ ಕಾಯಿ ಕೆಡುತ್ತದೆ, ಅದರ ಬಗ್ಗೆ ವಾದವೇ ಬೇಡ.

ಕುವೈತ್‌ನಿಂದ ತಮ್ಮ: ಇಲ್ಲಿ 25ಕ್ಕೆ ರಜೆ ಇಲ್ಲ, ಈ ಸಲ ಗುರುವಾರ ಬೇರೆ. ನಾನು ಎಂದಿನಂತೆ ಕೆಲಸಕ್ಕೆ ಹೋಗುತ್ತೇನೆ. ಅಕ್ಕ, ನಕ್ಷತ್ರ ಇಳಿಸಬೇಡ. ದಿನಕ್ಕೊಂದು ಫೋಟೊ ಕಳಿಸು.

ದೊಡ್ಡಮ್ಮ: ನಿನಗಾಗಿ ಇರಲಿ. ಆದರೆ 30ರವರೆಗೆ ದೀಪ ಹಚ್ಚುವಂತಿಲ್ಲ.

ತಮ್ಮ: ದೀಪವಿಲ್ಲದ ನಕ್ಷತ್ರದ ಫೋಟೊ ಇಟ್ಟುಕೊಂಡು ನಾನೇನು ಮಾಡಲಿ ದೊಡ್ಡಮ್ಮ?

ಮುಂಬೈ ಚಿಕ್ಕಪ್ಪ: ಅತ್ತಿಗೆ, ನಮ್ಮಂಥವರ ಕಷ್ಟ ಕೇಳಿ. ನಾನು ಕಾರವಾರದಲ್ಲಿ ಇಳಿಯುವುದು 23ಕ್ಕೆ, ಮತ್ಸ್ಯಗಂಧ ರೈಲು ಹತ್ತಿ ಹೊರಡುವುದು 26ಕ್ಕೆ. ನವೆಂಬರ್‌ನಲ್ಲೇ ಸಂಭ್ರಮ ಶುರುವಾಗದಿದ್ದರೆ ನನ್ನ ಪಾಲಿಗೆ ಹಬ್ಬವೆಂದರೆ ಒಂದು ಊಟ, ಒಂದು ನಿದ್ದೆ.

ನಾನು: ತಪ್ಪಿರುವುದು ಅಲ್ಲೇ, ಚಿಕ್ಕಪ್ಪ. ಕ್ರಿಸ್‌ಮಸ್ ಕಾಲ 25ಕ್ಕೆ ಮುಗಿಯುವುದಲ್ಲ, ಆರಂಭವಾಗುವುದು. ಜನವರಿ 4 ಬಾಲಯೇಸುವನ್ನು ಕಾಣಲು ಬಂದ ಮೂರು ರಾಜರ ಹಬ್ಬ, 11 ಪ್ರಭುವಿನ ಸ್ನಾನದೀಕ್ಷೆಯ ಹಬ್ಬ. ಅಲ್ಲಿಯವರೆಗೂ ನಮ್ಮದೇ. ನಾವು ಮುಂಚೆ ಆರು ವಾರ ಕುಣಿದು, 26ರ ಬೆಳಿಗ್ಗೆ ಗೋದಲಿಯನ್ನು ರಟ್ಟಿನ ಪೆಟ್ಟಿಗೆಗೆ ತುಂಬುತ್ತೇವೆ. ರಾಜರು ಬರುವಷ್ಟರಲ್ಲಿ ಕೊಟ್ಟಿಗೆಯೇ ಇರುವುದಿಲ್ಲ. ಬೇಗ ಶುರು ಮಾಡುವುದನ್ನಾದರೂ ಸಹಿಸಬಹುದು, ಬೇಗ ಮುಗಿಸುವುದನ್ನು ನಾನು ಒಪ್ಪುವುದಿಲ್ಲ.

ಅಕ್ಕ: ಅಂದರೆ ನನ್ನ ನಕ್ಷತ್ರ ಜನವರಿ 11ರವರೆಗೆ ಇರಬಹುದು?

ದೊಡ್ಡಮ್ಮ: ಇರಬೇಕು.

ಚಿಕ್ಕಪ್ಪ: ಕಚೇರಿಯವರಿಗೆ ಮೂರು ರಾಜರ ಬಗ್ಗೆ ಯಾರು ಹೇಳುತ್ತೀರಿ?

ದೊಡ್ಡಮ್ಮ: ಅರವತ್ತು ದಿನ ಮೊದಲೇ ಟಿಕೆಟ್ ಕೊಡುತ್ತಾರಲ್ಲ, ಈಗಲೇ ನೋಡು. 26ರದ್ದನ್ನು ರದ್ದು ಮಾಡಿ ಜನವರಿ 4ರ ರಾತ್ರಿಯದನ್ನು ತೆಗೆದುಕೋ. ಕೇಕಿನ ಎರಡನೆಯ ತಟ್ಟೆಯನ್ನು ಅಂದೇ ಕತ್ತರಿಸುವುದು.

ಚಿಕ್ಕಪ್ಪ: ವೇಟಿಂಗ್ ಲಿಸ್ಟ್ ತೋರಿಸುತ್ತಿದೆ, ಅತ್ತಿಗೆ. ಆದರೂ ತೆಗೆದುಕೊಂಡೆ.