ಇಂಜಿನಿಯರ್ ಅವರನ್ನು ಕೇಳಿ: ಸಣ್ಣ ವಿಮಾನದ ಬಟ್ಟೆ ಹೊದೆಸಿದ ರೆಕ್ಕೆಯ ಆಕಾರ

ಶಿರಸಿ ಶೆಡ್ಡು: ಸರ್, ಪಾಲಿಯೆಸ್ಟರ್ ಬಟ್ಟೆ ಬಿಗಿಸಲು ಮನೆಯ ಇಸ್ತ್ರಿ ಪೆಟ್ಟಿಗೆ ಸಾಕಾ? ಹಾಟ್ ಏರ್ ಗನ್ ಇದ್ದು, ಅದು ಬೇಗ ಅಲ್ದಾ?

ಇಂಜಿನಿಯರ್ (ಕಾರವಾರ): ಇಸ್ತ್ರಿ ಪೆಟ್ಟಿಗೆಯೇ ಬೇಕು. ಗನ್ ಒಂದೇ ಜಾಗದಲ್ಲಿ ಸ್ವಲ್ಪ ನಿಂತರೂ 177 ಡಿಗ್ರಿ ದಾಟುತ್ತದೆ. ದಾಟಿದ ಬಟ್ಟೆ ಬಿಗಿಯುವ ಬದಲು ಸಡಿಲವಾಗುತ್ತದೆ, ಆಮೇಲೆ ಏನು ಮಾಡಿದರೂ ಬಿಗಿಯದು. ಡಯಲಿನ ಮೇಲಿನ 'ಹತ್ತಿ', 'ರೇಷ್ಮೆ' ನಂಬಬೇಡಿ. ತಳಕ್ಕೆ ಥರ್ಮಾಮೀಟರ್ ತಾಗಿಸಿ, ಥರ್ಮೋಸ್ಟಾಟ್ ನಾಲ್ಕೈದು ಸಲ ಹತ್ತಿ ಆರುವ ತನಕ ಕಾದು, ಬಿಗಿಸುವ ಮೂರು ಹಂತಗಳಾದ 107, 121, 177 ಎಲ್ಲೆಲ್ಲಿ ಬರುತ್ತದೋ ಅಲ್ಲಿ ಗೀಟು ಹಾಕಿ. ಕೊರೊನಾ ಕಾಲದ ಹಣೆಗೆ ಹಿಡಿಯುವ ಗನ್ ತರಬೇಡಿ, ಅದು ಜ್ವರ ನೋಡಲಿಕ್ಕೆ. ಕಾರ್ಖಾನೆಯ ಇನ್‌ಫ್ರಾರೆಡ್ ಕೂಡ ಹೊಳೆಯುವ ತಳದ ಮೇಲೆ ಕಡಿಮೆ ತೋರಿಸುತ್ತದೆ.

ಅಂಕೋಲಾ: ಮಳೆಗಾಲದಲ್ಲಿ ಡೋಪ್ (ಬಟ್ಟೆಯ ಮೇಲೆ ಹೊಡೆಯುವ ವಾರ್ನಿಷಿನಂಥ ಲೇಪ) ಹೊಡೆಯಬಹುದೇ?

ಇಂಜಿನಿಯರ್: ಬೇಡ. ಥಿನ್ನರ್ ಆರುವಾಗ ಮೈ ತಣ್ಣಗಾಗಿ ಗಾಳಿಯ ತೇವ ಅದರ ಮೇಲೆ ಕೂರುತ್ತದೆ, ಡೋಪ್ ಬೆಳ್ಳಗಾಗುತ್ತದೆ. ಆ ಪದರಕ್ಕೆ ಬಲವಿಲ್ಲ. ದೀಪಾವಳಿ ಕಳೆಯಲಿ.

ಯಲ್ಲಾಪುರ: ಮರದ ರೆಕ್ಕೆ, ಎರಡು ಸ್ಪಾರ್ (ಬುಡದಿಂದ ತುದಿಗೆ ಹೋಗುವ ತೊಲೆ). ಎಡ ರೆಕ್ಕೆಯ ಮೇಲಿನ ಬಟ್ಟೆ 177ಕ್ಕೆ ಪೂರ್ತಿ ಬಿಗಿಸಿ ಆಯ್ತು, ಕೆಳಗಿನದಕ್ಕೆ ಇನ್ನೂ ಶಾಖ ಕೊಟ್ಟಿಲ್ಲ. ತುದಿಯಲ್ಲಿ ಹಿಂದಿನ ಅಂಚು ಮೇಲೆದ್ದ ಹಾಗೆ ಕಾಣ್ತದೆ. ಮೂರು ರಿಬ್ಬು (ರೆಕ್ಕೆಗೆ ಆಕಾರ ಕೊಡುವ ಅಡ್ಡ ಪಕ್ಕೆಲುಬು) ಪಕ್ಕಕ್ಕೆ ವಾಲಿವೆ. ಕೆಳಗಿನದನ್ನು ಜೋರಾಗಿ ಬಿಗಿಸಿದರೆ ಸಮ ಆಗ್ತದಾ ಸರ್?

ಇಂಜಿನಿಯರ್: ಪೆಟ್ಟಿಗೆಯ ಪ್ಲಗ್ಗು ಕೀಳಿ. ಈ ಗುಂಪಿನಲ್ಲಿ ನಿದ್ದೆ ಕೆಡಿಸುವ ಪ್ರಶ್ನೆ ಇದೊಂದೇ.

177ರಲ್ಲಿ ಈ ಬಟ್ಟೆಯನ್ನು ಹಿಡಿಯದೆ ಬಿಟ್ಟರೆ ನೂರಕ್ಕೆ ಸುಮಾರು ಹತ್ತರಷ್ಟು ಕುಗ್ಗುತ್ತದೆ. ಬಿಡದೆ ಹಿಡಿದುಕೊಂಡಿರುವುದು ನಿಮ್ಮ ರಿಬ್ಬುಗಳು. ಒಂದೇ ಮೈ ಪೂರ್ತಿ ಎಳೆದರೆ ಎದುರು ಎಳೆಯಲು ಕೆಳಗೆ ಏನೂ ಇರುವುದಿಲ್ಲ. ರಿಬ್ಬು ಮೇಲೆ-ಕೆಳಗಿನ ಭಾರಕ್ಕೆ ಗಟ್ಟಿ, ಪಕ್ಕದ ಎಳೆತಕ್ಕೆ ಹಂಚಿಕಡ್ಡಿ. ಆದ್ದರಿಂದಲೇ ಮೊದಲು ಎರಡೂ ಮೈ 107, ಮತ್ತೆ ಎರಡೂ ಮೈ 121, ಕೊನೆಗೆ 177. ಹೊದೆಸುವ ಮೊದಲೇ ಎರಡು ಸ್ಪಾರುಗಳ ನಡುವೆ ಹತ್ತಿಯ ಪಟ್ಟಿಯನ್ನು (ಲಾಡಿಯಂಥದ್ದು) ಒಂದು ರಿಬ್ಬಿನ ಮೇಲಂಚಿನಿಂದ ಮುಂದಿನದರ ಕೆಳಂಚಿಗೆ ಓರೆಯಾಗಿ, ಪ್ರತಿ ಅಂಚಿಗೂ ಒಂದು ಸುತ್ತು ಹಾಕುತ್ತ, ಬುಡದಿಂದ ತುದಿವರೆಗೆ ಎಳೆಯಬೇಕು. ನೀವು ಎಳೆದಿಲ್ಲ. ಎಳೆದಿದ್ದರೆ ಮೂರು ರಿಬ್ಬು ವಾಲುತ್ತಿರಲಿಲ್ಲ.

ಈಗ ಕಣ್ಣಂದಾಜು ಬೇಡ, ಅಳತೆ ಬೇಕು. ಬುಡದಲ್ಲೂ ತುದಿಯಲ್ಲೂ ಸ್ಪಾರಿನಡಿ ಮಾತ್ರ ಆಧಾರ ಕೊಟ್ಟು ರೆಕ್ಕೆ ಮಲಗಿಸಿ. ರಿಬ್ಬಿನ ಮೇಲ್ಮೈಗೆ ಕೂರುವ ಅಚ್ಚನ್ನು ಪ್ಲೈವುಡ್ಡಿನಲ್ಲಿ ಕತ್ತರಿಸಿ, ಅದರ ಮೇಲಂಚು ನೇರ ಇರಲಿ. ಒಂದೊಂದೇ ರಿಬ್ಬಿನ ಮೇಲಿಟ್ಟು ಡಿಜಿಟಲ್ ಲೆವೆಲ್‌ನಲ್ಲಿ ಕೋನ ಬರೆಯಿರಿ. ರಿಬ್ಬಿನ ಮೇಲೆ, ನಡುವಿನ ಬಟ್ಟೆಯ ಮೇಲಲ್ಲ. ಬಲ ರೆಕ್ಕೆಗೂ ಅದೇ ಅಚ್ಚು. ಎರಡಕ್ಕೂ ತಿರುಚು ಬೇರೆ ಬೇರೆ ಇದ್ದರೆ ವಿಮಾನ ಸದಾ ಒಂದು ಪಕ್ಕಕ್ಕೆ ವಾಲುತ್ತದೆ. ವೇಗ ಇಳಿದಾಗ ಎರಡು ರೆಕ್ಕೆ ಒಟ್ಟಿಗೆ ಸ್ಟಾಲ್ ಆಗುವುದಿಲ್ಲ (ಎತ್ತುವ ಬಲ ಕಳೆದುಕೊಳ್ಳುವುದೇ ಸ್ಟಾಲ್), ಒಂದು ಮೊದಲು ಬೀಳುತ್ತದೆ. ಇಳಿಯುವಾಗ ಬಿದ್ದರೆ ಸರಿಮಾಡಿಕೊಳ್ಳಲು ಎತ್ತರ ಇರುವುದಿಲ್ಲ.

ಕೆಳಗಿನದನ್ನು ಬಿಗಿಸಿ ಎಳೆದು ತರುವ ಯೋಚನೆ ಬಿಡಿ. ತಿರುಚು ಹಾಗೇ ಗಟ್ಟಿಯಾಗಿ ಕೂರುತ್ತದೆ.

ಹೊನ್ನಾವರ: *ಫಾರ್ವರ್ಡ್ ಮಾಡಲಾಗಿದೆ:* ಸಡಿಲ ರೆಕ್ಕೆಗೆ ಸುಲಭ ಉಪಾಯ! ಅನ್ನದ ಗಂಜಿತಿಳಿಗೆ ಫೆವಿಕಾಲ್ ಬೆರೆಸಿ ಎರಡು ಕೈ ಹಚ್ಚಿ ಬಿಸಿಲಿಗಿಡಿ. ಮದ್ದಲೆಯಂತೆ ಬಿಗಿ!! ಎಲ್ಲರಿಗೂ ತಲುಪಿಸಿ 🙏

ಇಂಜಿನಿಯರ್: ಯಾರಿಗೂ ತಲುಪಿಸಬೇಡಿ. ಪಾಲಿಯೆಸ್ಟರ್ ಎಳೆ ಗಂಜಿ ಹೀರುವುದಿಲ್ಲ, ಮೇಲೆ ಸಿಪ್ಪೆಯಾಗಿ ನಿಲ್ಲುತ್ತದೆ. ನಮ್ಮ ತೇವಕ್ಕೆ ಬೂಸ್ಟು, ಬೂಸ್ಟಿನ ಹಿಂದೆ ಜಿರಲೆ. ಫೆವಿಕಾಲ್ ನೀರಿಗೆ ಮೆತ್ತಗಾಗುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು: ಡೋಪಿನ ಮೊದಲ ಕೋಟು ಎಳೆಗಳ ಸುತ್ತ ಕೂತು ಹಿಡಿಯಬೇಕು. ನಡುವೆ ಗಂಜಿ ಇದ್ದರೆ ಮೇಲಿನ ಎಲ್ಲ ಕೋಟೂ ಒಂದು ದಿನ ಹಾಳೆಯಾಗಿ ಎದ್ದು ಬರುತ್ತದೆ.

ಹೊನ್ನಾವರ: ಹಿಂದಿನವರು ಬಟ್ಟೆಗೆ ನೀರು ಹೊಡೆದೇ ಬಿಗಿಸ್ತಿದ್ರು ಸರ್. ಅವರಿಗೆ ಬುದ್ಧಿ ಇರಲಿಲ್ವಾ?

ಕುಮಟಾ ಗ್ಯಾರೇಜು: ಅದು ಹತ್ತಿ ಬಟ್ಟೆ ಮಾರಾಯ್ರೆ. ಹತ್ತಿಯನ್ನು ನೀರು, ಡೋಪ್ ಬಿಗಿಸ್ತದೆ. ಪಾಲಿಯೆಸ್ಟರನ್ನು ಶಾಖ ಬಿಗಿಸ್ತದೆ. ಎರಡನ್ನೂ ಕಲಸಿದ್ರೆ ಹೀಗೇ ಗಂಜಿ ಆಗ್ತದೆ.

ಹೊನ್ನಾವರ: ಹಾಗಾದ್ರೆ ಪಾಲಿಯೆಸ್ಟರಿಗೂ ಬಿಗಿಸುವ ಡೋಪೇ ಹೊಡೀರಿ, ಡಬಲ್ ಬಿಗಿ.

ಕುಮಟಾ ಗ್ಯಾರೇಜು: ಡಬಲ್ ಅಲ್ಲ, ಡಮಾರ್. ಬ್ಯುಟಿರೇಟ್ ಡೋಪ್ ವರ್ಷಗಟ್ಟಲೆ ಎಳೀತಾನೇ ಇರ್ತದೆ, ರಿಬ್ಬು ಪುಡಿ ಮಾಡ್ತದೆ. ಬಿಗಿಸದ ಡೋಪ್ ಅಂತ ಬೇರೆ ಉಂಟು. ಡಬ್ಬದ ಮೇಲೆ ಓದಿ, ಓದಲಿಕ್ಕೆ ಬಂದ್ರೆ.

ಹೊನ್ನಾವರ: ಮಾತು ನೋಡಿ ಆಡಿ.

ಶಿರಸಿ ಶೆಡ್ಡು: ಒರಾಟೆಕ್ಸ್ ಬಟ್ಟೆ ತರಿಸಿದ್ರೆ ಕಸ್ಟಮ್ಸ್ ಎಷ್ಟು ಬೀಳ್ತು, ಯಾರಿಗಾದ್ರೂ ಗೊತ್ತಿದ್ದಾ?

ಭಟ್ಕಳ: ಮರಕ್ಕೆ ಗೇರೆಣ್ಣೆ ಹಚ್ಚಿದರೆ ತೇವ ತಡೆಯುತ್ತದಲ್ಲ?

ಇಂಜಿನಿಯರ್: ದೋಣಿಗೆ. ರೆಕ್ಕೆಯೊಳಗೆ ಎರಡು ಭಾಗದ ಎಪಾಕ್ಸಿ ವಾರ್ನಿಷ್. ಬೇರೆ ವಾರ್ನಿಷನ್ನು ಬಟ್ಟೆಯ ಅಂಟು, ಥಿನ್ನರ್ ಎಬ್ಬಿಸುತ್ತವೆ.

ಗೋಕರ್ಣ: ನನ್ನ ರೆಕ್ಕೆ ರಿಬ್ಬುಗಳ ನಡುವೆ ಬಡ ಎಮ್ಮೆಯ ಪಕ್ಕೆ ಹಾಗೆ ತಗ್ಗಿದೆ. ಇನ್ನೂ ಬಿಗಿಸಲೇ? ಬಡಿದರೆ ಚಂಡೆ ಸದ್ದು ಬರುತ್ತಿಲ್ಲ.

ಇಂಜಿನಿಯರ್: ಸದ್ದು ಅಳತೆಯಲ್ಲ, ಶಾಖ ಅಳತೆ. ಬಿಗಿಸಿದಷ್ಟೂ ತಗ್ಗು ಹೆಚ್ಚು. ಬಟ್ಟೆ ನೇರ ದಾರಿ ಹುಡುಕುತ್ತದೆ. ಸ್ವಲ್ಪ ತಗ್ಗು ಎಲ್ಲ ಬಟ್ಟೆ ರೆಕ್ಕೆಗೂ ಇದೆ. ಮುಂದಿನ ಅಂಚಿನಿಂದ ಮೊದಲ ಸ್ಪಾರಿನವರೆಗೆ ಮಾತ್ರ ಆಕಾರ ಕೆಡಬಾರದು. ಅಲ್ಲಿ ಪ್ರತಿ ಎರಡು ರಿಬ್ಬಿನ ನಡುವೆ ಒಂದು ಮೂಗಿನ ರಿಬ್ಬು, ಮೇಲೆ ತೆಳು ಪ್ಲೈ ಅಥವಾ ಅಲ್ಯುಮಿನಿಯಂ ತಗಡು. ಅದು ಹೊದೆಸುವ ಮೊದಲಿನ ಕೆಲಸ.

ಅಂಕೋಲಾ: ಸರ್ ಸೆಪ್ಟೆಂಬರಿನಲ್ಲಿ ಮಳೆ ಬಿಟ್ಟರೆ ಡೋಪ್ ಹೊಡೆಯಬಹುದೇ?

ಇಂಜಿನಿಯರ್: ಮೇಲೆ ಓದಿ.

ಮಾಜಾಳಿ: ಬೀಚಿನಿಂದ ಹಾರಿಸಬಹುದಾ?

ಇಂಜಿನಿಯರ್: ಡಿಜಿಸಿಎ (ವಿಮಾನಯಾನ ನಿಯಂತ್ರಕ ಸಂಸ್ಥೆ) ನೋಂದಣಿ, ಅನುಮತಿ ಇಲ್ಲದೆ ಎಲ್ಲಿಂದಲೂ ಇಲ್ಲ. ಅದರ ಮೇಲೆ ಇಲ್ಲಿ ಒಂದು ಕಡೆ ನೌಕಾನೆಲೆ, ಇನ್ನೊಂದು ಕಡೆ ಕೈಗಾ.

ಹೊನ್ನಾವರ: ಗಂಜಿ ಬೇಡ, ಸಾಬುದಾನೆ ಹಿಟ್ಟು?

ಕುಮಟಾ ಗ್ಯಾರೇಜು: ಹಪ್ಪಳ ಮಾಡಿ.

ಯಲ್ಲಾಪುರ: ಅಳತೆ ಆಯ್ತು. ನಕ್ಷೆಯಲ್ಲಿ ವಾಶೌಟ್ (ತುದಿಯತ್ತ ಬೇಕೆಂದೇ ಕೊಡುವ ತಿರುಚು) 2 ಡಿಗ್ರಿ. ಬಲ ರೆಕ್ಕೆ 2.1, ಅದಕ್ಕೆ ಇನ್ನೂ ಬಟ್ಟೆ ಇಲ್ಲ. ಎಡ 3.7.

ಇಂಜಿನಿಯರ್: ಬ್ಲೇಡು ತಗೊಳ್ಳಿ. ಮೇಲಿನ ಬಟ್ಟೆ ಕತ್ತರಿಸಿದ ಕೂಡಲೇ ಅಲ್ಲಾಡಿಸದೆ ಮತ್ತೆ ಅಳೆಯಿರಿ. 2ರ ಹತ್ತಿರ ಮರಳಿದರೆ ಬರೀ ಎಳೆತ. ಮರಳದಿದ್ದರೆ ಎಲ್ಲೋ ಅಂಟು ಬಿಟ್ಟಿದೆ. ವಾಲಿದ ಮೂರು ರಿಬ್ಬುಗಳ ಗಸೆಟ್‌ಗಳನ್ನು (ಕೂಡುಗಳಿಗೆ ಅಂಟಿಸಿದ ಚೂರು) ಒಂದೊಂದಾಗಿ ನೋಡಿ. ಡ್ರ್ಯಾಗ್ ವೈರುಗಳಿದ್ದರೆ (ಸ್ಪಾರುಗಳ ನಡುವಿನ ಓರೆ ತಂತಿ) ಪ್ರತಿ ಖಾನೆಯ ಎರಡು ಕರ್ಣಗಳನ್ನೂ ಟ್ರಾಮೆಲ್ ಕಡ್ಡಿಯಲ್ಲಿ (ಜಾರುವ ಮೊನೆಗಳ ಅಳತೆಕಡ್ಡಿ) ಹಿಡಿದು 1.5 ಮಿಲಿಮೀಟರ್ ಒಳಗೆ ಸಮ ಮಾಡಿ. ಆಮೇಲೆ ಪಟ್ಟಿ, ಆಮೇಲೆ ಬಟ್ಟೆ.

ಯಲ್ಲಾಪುರ: ಅಷ್ಟೂ ಬಟ್ಟೆ ದಂಡ ಆಯ್ತಲ್ಲ ಸರ್.

ಇಂಜಿನಿಯರ್: ಕೆಳಗಿನದಕ್ಕೆ ಶಾಖ ತಾಗಿಲ್ಲ. ಅದನ್ನು ಬಿಚ್ಚಿ ಬೇರೆ ಚೌಕಟ್ಟಿಗೆ ಅಂಟಿಸಿ ಪೆಟ್ಟಿಗೆಯ ಗೀಟು ಸರಿಯಿದೆಯೋ ನೋಡಿ. ಮರು ಅಳತೆ ಇಲ್ಲೇ ಹಾಕಿ.