ಆಂಡಿಸ್ ಪರ್ವತದ ನೆಲಗಪ್ಪೆಗಳು: ಹೊಸ ಪ್ರಭೇದವೆಂದು ನಿರ್ಧರಿಸುವುದು ಹೇಗೆ?

ಪ್ರಶ್ನೆ: ಶ್ರೀನಿಧಿ

ಕೊಲಂಬಿಯಾ ಮತ್ತು ಈಕ್ವೆಡಾರ್‌ನ ಆಂಡಿಸ್ ಪರ್ವತಗಳಲ್ಲಿರುವ ಒಸೊರ್ನೊಫ್ರೈನೆ ಎಂಬ ನೆಲಗಪ್ಪೆಗಳ ಕುಲದ ಬಗ್ಗೆ ಓದುತ್ತಿದ್ದೇನೆ. ಈ ಕುಲಕ್ಕೆ ಹೆಸರಿಟ್ಟದ್ದು 1976ರಲ್ಲಿ. 2010–11ರ ಅವಧಿಯಲ್ಲೇ ಅದಕ್ಕೆ ನಾಲ್ಕು ಹೊಸ ಪ್ರಭೇದಗಳು ಸೇರಿವೆ. ಚಿತ್ರಗಳಲ್ಲಿ ನೋಡಿದರೆ ಬಹುತೇಕ ಎಲ್ಲವೂ ದಪ್ಪ ಮೈಯ, ಗಿಡ್ಡ ಬೆರಳಿನ, ಗಂಟುಗಂಟು ಚರ್ಮದ ಕಪ್ಪೆಗಳೇ. ಒಂದು ಬೆಟ್ಟದ ಕಪ್ಪೆ ಪಕ್ಕದ ಬೆಟ್ಟದ್ದಕ್ಕಿಂತ ಬೇರೆ ಪ್ರಭೇದ ಎನ್ನಲು ಎಷ್ಟು ವ್ಯತ್ಯಾಸ ಸಾಕು? ಅದು ಒಂದೇ ಪ್ರಭೇದದೊಳಗಿನ ಏರುಪೇರಲ್ಲ ಎಂಬುದನ್ನು ಹೇಗೆ ಖಚಿತಪಡಿಸಿಕೊಳ್ಳುತ್ತಾರೆ?

ಉತ್ತರ: ವಸುಧಾ

ಶ್ರೀನಿಧಿಯವರೇ, ಇಷ್ಟು ವ್ಯತ್ಯಾಸವಿದ್ದರೆ ಸಾಕು ಎಂಬ ಅಳತೆಗೋಲು ಯಾವುದೂ ಇಲ್ಲ. ಲಿಂಗ ಮತ್ತು ವಯಸ್ಸಿನಿಂದ ಬರುವ ವ್ಯತ್ಯಾಸವನ್ನು ಮೊದಲು ಬದಿಗಿಡಬೇಕು, ಏಕೆಂದರೆ ಈ ಕುಲದಲ್ಲಿ ಹೆಣ್ಣು ಗಂಡಿಗಿಂತ ದೊಡ್ಡದು. ಆದ್ದರಿಂದ ಬೆಳೆದ ಗಂಡನ್ನು ಬೆಳೆದ ಗಂಡಿನೊಂದಿಗೇ ಹೋಲಿಸಿ, ಮೈಯುದ್ದ, ತಲೆಯ ಅಗಲ, ಕಾಲ್ಬೆರಳುಗಳಲ್ಲಿ ಯಾವುದು ಯಾವುದಕ್ಕಿಂತ ಗಿಡ್ಡ, ಪಕ್ಕೆಯ ಗಂಟುಗಳು ಹೇಗೆ ಹರಡಿವೆ, ಮೂತಿಯ ತುದಿಯಲ್ಲಿ ಚಾಚು ಇದೆಯೇ ಎಂಬುದನ್ನೆಲ್ಲ ದಾಖಲಿಸುತ್ತಾರೆ. ಕಿವಿತಮಟೆ ಇಲ್ಲದಿರುವುದು, ಬೆರಳುಗಳ ನಡುವೆ ದಪ್ಪ ಪೊರೆಯಿರುವುದು ಇಡೀ ಕುಲದ ಲಕ್ಷಣಗಳಾದ್ದರಿಂದ ಪ್ರಭೇದಗಳನ್ನು ಬೇರ್ಪಡಿಸಲು ಅವು ಉಪಯೋಗಕ್ಕೆ ಬಾರವು.

ಕಾಡಿನಲ್ಲಿ ಮಾಡುವ ಕೆಲಸದ ಕ್ರಮವೂ ಅಷ್ಟೇ ಮುಖ್ಯ. ಕಪ್ಪೆ ಜೀವಂತವಿರುವಾಗಲೇ ಅದರ ಬಣ್ಣವನ್ನು ಬರೆದಿಟ್ಟುಕೊಂಡು ಚಿತ್ರ ತೆಗೆಯಬೇಕು. ಮಾದರಿಯನ್ನು ಕೆಡದಂತೆ ಇಡುವ ದ್ರಾವಣದಲ್ಲಿ ಹಳದಿ, ಕೆಂಪು ಬಣ್ಣಗಳು ಬೇಗ ಮಾಸಿಹೋಗುತ್ತವೆ. ಅಂಥ ದ್ರಾವಣವಾದ ಫಾರ್ಮಲಿನ್ ಡಿಎನ್‌ಎಯನ್ನು ಹಾಳುಮಾಡುವುದರಿಂದ, ಮಾದರಿಯನ್ನು ಅದರಲ್ಲಿ ಹಾಕುವ ಮೊದಲೇ ಯಕೃತ್ತಿನ ಅಥವಾ ಸ್ನಾಯುವಿನ ಚೂರೊಂದನ್ನು ಎಥನಾಲ್‌ನಲ್ಲಿ ತೆಗೆದಿಡುತ್ತಾರೆ. ಹೆಸರು ನಿಲ್ಲುವುದು ಒಂದೇ ಒಂದು ಮಾದರಿಯ ಮೇಲೆ, ಅಂದರೆ ಹೋಲೋಟೈಪ್ ಮೇಲೆ. 1999ರ ನಂತರ ಪ್ರಕಟವಾದ ಪ್ರಭೇದದ ಹೆಸರಿಗೆ ಇಂಥ ಮಾದರಿಯನ್ನು ಸ್ಪಷ್ಟವಾಗಿ ಗೊತ್ತುಪಡಿಸಿ, ಅದು ಯಾವ ಸಂಗ್ರಹದಲ್ಲಿದೆ ಎಂದು ತಿಳಿಸುವುದು ಪ್ರಾಣಿನಾಮಕರಣದ ಅಂತಾರಾಷ್ಟ್ರೀಯ ಸಂಹಿತೆಯ ಪ್ರಕಾರ ಕಡ್ಡಾಯ.

ಉತ್ತರ: ರಾಘವೇಂದ್ರ

ವಸುಧಾ ಅವರ ಮಾತಿಗೆ ಒಂದು ಎಚ್ಚರಿಕೆಯನ್ನು ಸೇರಿಸುತ್ತೇನೆ. ವೆನೆಜುವೆಲಾ, ಗಯಾನಾ ಭಾಗದ ಟೆಪುಯಿ ಎಂಬ ಚಪ್ಪಟೆ ತಲೆಯ ಬೆಟ್ಟಗಳ ಮೇಲೆ ಓರಿಯೊಫ್ರೈನೆಲ್ಲಾ ಎಂಬ ಪುಟ್ಟ ನೆಲಗಪ್ಪೆಗಳಿವೆ. ಸುತ್ತಲೂ ಕಡಿದಾದ ಬಂಡೆಗೋಡೆಯಿರುವುದರಿಂದ ಒಂದೊಂದು ಬೆಟ್ಟದ ಕಪ್ಪೆಯೂ ಬಹಳ ಹಿಂದೆಯೇ ಬೇರೆಯಾಗಿರಬೇಕು ಎಂಬ ಅಭಿಪ್ರಾಯ ಬಲವಾಗಿತ್ತು. ಆದರೆ ಫಿಲಿಪ್ ಕಾಕ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೇರೆ ಬೇರೆ ಬೆಟ್ಟಗಳ ಈ ಕಪ್ಪೆಗಳ ನಡುವಣ ಆನುವಂಶಿಕ ಅಂತರ ಅನೇಕ ಕಡೆ ಅತ್ಯಲ್ಪವೆಂದು ಕಂಡುಬಂತು. ಬೆಟ್ಟ ಬೇರೆ ಎಂಬುದೊಂದೇ ಸಾಕ್ಷ್ಯವಾಗದು. ಹಾಗೆಯೇ, ಡಿಎನ್‌ಎ ಅಂತರ ಕಡಿಮೆ ಎಂಬ ಒಂದೇ ಕಾರಣಕ್ಕೆ, ರೂಪದಲ್ಲಿ ಸ್ಪಷ್ಟವಾಗಿ ಭಿನ್ನವಾದವುಗಳನ್ನು ಒಂದುಗೂಡಿಸುವುದೂ ಅವಸರವೇ ಎಂದು ನನ್ನ ಅಭಿಪ್ರಾಯ.

ಶ್ರೀನಿಧಿ:

ಇಬ್ಬರಿಗೂ ಧನ್ಯವಾದಗಳು. ಹಾಗಾದರೆ ಡಿಎನ್‌ಎ ತೆಗೆದಿಡದ ಕಾಲದ ಹಳೆಯ ಮಾದರಿಗಳಿಂದ ಹೊಸ ಪ್ರಭೇದವನ್ನು ವಿವರಿಸಲು ಸಾಧ್ಯವೇ?

ಉತ್ತರ: ಮಾಲತಿ

ಸಾಧ್ಯ, ಮತ್ತು ಅಟೆಲೋಪಸ್ ಎಂಬ ಇನ್ನೊಂದು ನೆಲಗಪ್ಪೆ ಕುಲದಲ್ಲಿ ಅದು ಅನಿವಾರ್ಯವೂ ಆಗಿದೆ. 1849ರಲ್ಲಿ ಹೆಸರು ಪಡೆದ ಅಟೆಲೋಪಸ್ ಇಗ್ನೆಸೆನ್ಸ್ ಹೆಸರಿನಡಿ, ಆಂಡಿಸ್‌ನ ಬೇರೆ ಬೇರೆ ಕಡೆಯ ಅದನ್ನು ಹೋಲುವ ನೆಲಗಪ್ಪೆಗಳನ್ನೂ ಸೇರಿಸುತ್ತ ಬಂದಿದ್ದರು. ಲೂಯಿಸ್ ಕೊಲೋಮಾ ಮತ್ತು ಸಂಗಡಿಗರು 2000ದಲ್ಲಿ, ಮೂಲ ಮಾದರಿ ಇಲ್ಲದಾಗ ಅದರ ಸ್ಥಾನಕ್ಕೆ ಗೊತ್ತುಪಡಿಸುವ ನಿಯೋಟೈಪ್ ಒಂದನ್ನು ಆರಿಸಿ, ಆ ಹೆಸರು ಯಾವ ಕಪ್ಪೆಗೆ ಸಲ್ಲುತ್ತದೆ ಎಂಬುದನ್ನು ಮೊದಲು ಗಟ್ಟಿ ಮಾಡಿಕೊಂಡರು. ಅದಾಗದೆ ಉಳಿದವುಗಳನ್ನು ವಿಂಗಡಿಸುವುದು ಕಷ್ಟ. 2010ರಲ್ಲಿ ಇದೇ ಕುಲದ ಐದು ಹೊಸ ಪ್ರಭೇದಗಳನ್ನು ವಿವರಿಸಿದ ಪ್ರಬಂಧದ ಶೀರ್ಷಿಕೆಯಲ್ಲೇ ‘ನಿರ್ನಾಮವಾಗಿವೆಯೇ?’ ಎಂಬ ಪ್ರಶ್ನೆಯಿದೆ. ಸಂಗ್ರಹಾಲಯದ ಜಾಡಿಗಳಲ್ಲಿ ದಶಕಗಳ ಕಾಲ ಇದ್ದ ಕಪ್ಪೆಗಳಿಗೆ ಹೆಸರು ಬರುವ ಹೊತ್ತಿಗೆ ಕಾಡಿನಲ್ಲಿ ಅವು ಕಾಣದಂತಾಗಿದ್ದವು. ಕೈಟ್ರಿಡ್ ಶಿಲೀಂಧ್ರ ರೋಗವನ್ನು ಈ ಕುಸಿತಕ್ಕೆ ಮುಖ್ಯ ಕಾರಣಗಳಲ್ಲಿ ಒಂದೆಂದು ಪರಿಗಣಿಸುತ್ತಾರೆ. ಓದುವಾಗ ನನಗೆ ಬಹಳ ಸಂಕಟವಾದ ಪ್ರಬಂಧವದು. ಇಗ್ನೆಸೆನ್ಸ್ ಮಾತ್ರ 1988ರ ನಂತರ ಕಾಣದೆ ಹೋಗಿ, 2016ರಲ್ಲಿ ಈಕ್ವೆಡಾರ್‌ನಲ್ಲಿ ಮತ್ತೆ ಸಿಕ್ಕಿತು. ಶ್ರೀನಿಧಿಯವರೇ, ಪ್ರತಿ ವಿವರಣೆಯನ್ನು ಓದುವಾಗಲೂ ಹೋಲೋಟೈಪ್ ಸಂಗ್ರಹಿಸಿದ ದಿನಾಂಕವನ್ನು ಪ್ರಕಟಣೆಯ ವರ್ಷದ ಪಕ್ಕದಲ್ಲಿಟ್ಟು ನೋಡಿ. ಆ ಕಪ್ಪೆಯ ಜೀವಂತ ಬಣ್ಣ ಮತ್ತು ಡಿಎನ್‌ಎ ಬಗ್ಗೆ ಲೇಖಕರು ಏಕೆ ಕಡಿಮೆ ಹೇಳಿದ್ದಾರೆ ಎಂಬುದು ಎಷ್ಟೋ ಸಲ ಅಲ್ಲೇ ತಿಳಿಯುತ್ತದೆ.